ಗ್ರಂಥಪಾತವೂ ಗಣಕಯಂತ್ರವೂ

ಕಳೆದ ಶ್ರಾವಣದ ಒಂದು ಸೋಮವಾರ, ಪ್ರಸಾದಕ್ಕೆ ಬಿನ್ನಹ ಮಾಡಿದ್ದ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಯಜಮಾನರು ಕಾಳುಕಡಿಗಳ ಅಡತಿ ವ್ಯಾಪಾರದವರು. ಅವರ ಮಗಳು ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಮಿದುಳಿನ ಕುರಿತು ಡಾಕ್ಟರೇಟ್ ಪದವಿಗಾಗಿ ಅಧ್ಯಯನ ನಡೆಸುತ್ತಿರುವಳು. ರಜೆಗೆಂದು ಊರಿಗೆ ಬಂದಿದ್ದರೂ ಪಡಸಾಲೆಯ ಮೂಲೆಯಲ್ಲಿ ಕಾಗದಗಳನ್ನು ಹರವಿಕೊಂಡು ಕುಳಿತಿದ್ದಳು. ಪ್ರಸಾದವಾದ ಮೇಲೆ ಯಜಮಾನರು ನಗುತ್ತಲೇ ದೂರು ಹೇಳಿದರು: "ಗುರುಗಳ, ಒಂದು ಕಂಪ್ಯೂಟರ್ ಖರೀದಿಗೆ ಈಕಿ ನಾಲ್ಕು ದಿನದಿಂದ ಕಾಗದ ಬರೀಲಿಕ್ಕೆ ಹತ್ಯಾಳ್ರಿ. ಅಂಗಡಿಗೆ ಹೋಗಿ ಛಲೋದೊಂದು ನೋಡಿ ತಗೊಂಡ್ರ ಮುಗೀತಲ್ಲರಿ?"

"ಛಲೋದು ಅಂದ್ರ ಯಾವುದಪ್ಪಾ? ಅದನ್ನ ಬರೀಲಿಕ್ಕೇ ಕುಂತೀನಿ" ಎಂದು ಮಗಳು ತಲೆಯೆತ್ತದೆ ಉತ್ತರ ಕೊಟ್ಟಳು.

ಆ ಮಾತು ನಮ್ಮಲ್ಲಿ ಕುತೂಹಲ ಹುಟ್ಟಿಸಿತು. ಗಣಕಯಂತ್ರವೆಂದರೆ ಪತ್ರಿಕೆಯ ಅಕ್ಷರ ಜೋಡಣೆಗೆ, ಬ್ಯಾಂಕಿನ ಲೆಕ್ಕಕ್ಕೆ ಎಂದಷ್ಟೇ ಬಲ್ಲ ನಮಗೆ, ಮಿದುಳಿನ ಮಾತನ್ನು ಬರೆದಿಟ್ಟುಕೊಳ್ಳುವ ಯಂತ್ರವನ್ನು ಆರಿಸುವುದು ಹೇಗೆಂಬುದು ಹೊಸ ಸಂಗತಿ. ಅಂದು ಸಂಜೆಯವರೆಗೂ ಅಲ್ಲಿಯೇ ಕುಳಿತು ಕೇಳಿದೆವು. ಆ ಬಳಿಕ ಕೆಲವು ಗ್ರಂಥಗಳನ್ನೂ ತರಿಸಿ ಓದಿದೆವು. ನಮ್ಮ ವಾಚಕರ ಮನೆಗಳಲ್ಲಿಯೂ ಇಂತಹ ವಿದ್ಯೆಗೆ ಹೋಗಿರುವ ಮಕ್ಕಳು ಈಗ ಬಹಳ ಮಂದಿ ಇರುವುದರಿಂದ, ಅವರು ಏನು ಮಾಡುತ್ತಿದ್ದಾರೆಂಬುದು ಹಿರಿಯರಿಗೂ ತಿಳಿದಿರಲಿ ಎಂದು ಈ ತಿಂಗಳ ಬರಹವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಮಿದುಳಿನಲ್ಲಿರುವ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಅತಿ ಸೂಕ್ಷ್ಮವಾದ ವಿದ್ಯುತ್ ಮಿಡಿತಗಳ ಮೂಲಕ. ಒಂದು ಮಿಡಿತವು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಆಗಿಹೋಗುತ್ತದೆ. ಕೋಶದ ಹೊರಗೆ ಹತ್ತಿರದಲ್ಲಿ ಒಂದು ಲೋಹದ ತುದಿಯನ್ನಿಟ್ಟರೆ ಆ ಮಿಡಿತವು ಅಲ್ಲಿ ನೂರು ಮೈಕ್ರೋವೋಲ್ಟಿನ ಆಸುಪಾಸಿನಲ್ಲಿ ಕಾಣಿಸೀತು. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಶೆಲ್ಲನ್ನು ಹದಿನೈದು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿಗೆ ಇಂತಹ ವಿದ್ಯುತ್ತಿನ ಅಲೆಗಳನ್ನು ಹಿಡಿದು 1929ರಲ್ಲಿ ಪ್ರಕಟಿಸಿದಾಗ, ಅವನ ಲೇಖನಿ ಬೆಳಕಿನ ಒಂದು ಕಿರಣ, ಅವನ ಓಲೆ ಛಾಯಾಚಿತ್ರದ ಕಾಗದ. ಆದರೆ ಅವನು ಕೇಳಿದ್ದು ತಲೆಬುರುಡೆಯ ಹೊರಗಿನಿಂದ, ಲಕ್ಷಾಂತರ ಕೋಶಗಳು ಒಟ್ಟಾಗಿ ಎಬ್ಬಿಸಿದ ಗದ್ದಲವನ್ನು. ಜಾತ್ರೆಯ ಸದ್ದನ್ನು ಊರ ಹೊರಗೆ ನಿಂತು ಕೇಳಿದಂತೆ.

ಈಗಿನವರು ಜಾತ್ರೆಯೊಳಗೇ ಹೋಗಿ ಒಬ್ಬೊಬ್ಬರ ಮಾತನ್ನೂ ಬೇರೆಬೇರೆಯಾಗಿ ಕೇಳಲು ಹೊರಟಿದ್ದಾರೆ. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಗಳು ಪ್ರಕಟವಾದ ನ್ಯೂರೋಪಿಕ್ಸೆಲ್ಸ್ ಎಂಬ ಸಲಾಕೆ ಇದಕ್ಕೆ ಒಳ್ಳೆಯ ನಿದರ್ಶನ. ಬೆಲ್ಜಿಯಮ್ ದೇಶದ ಲ್ಯೂವೆನ್ ನಗರದಲ್ಲಿರುವ ಐಮೆಕ್ ಸಂಸ್ಥೆಯಲ್ಲಿ ಇದು ಸಿದ್ಧವಾಗುತ್ತದೆ. ಉದ್ದ 10 ಮಿಲಿಮೀಟರ್. ಅಗಲ 70 ಮೈಕ್ರೋಮೀಟರ್, ಎಂದರೆ ತಲೆಗೂದಲಿನಷ್ಟು. ಅಷ್ಟರ ಮೇಲೆಯೇ 960 ಕಿವಿಗಳಿವೆ. ಒಂದು ಸಲಕ್ಕೆ ಅವುಗಳಲ್ಲಿ 384ನ್ನು ಆರಿಸಿ ಕೇಳಬಹುದು. ನಮ್ಮ ಹುಡುಗಿಯ ಪ್ರಯೋಗಾಲಯದಲ್ಲಿರುವುದೂ ಇದೇ ಸಲಾಕೆ.

ಇನ್ನು ಲೆಕ್ಕ. ಒಂದೊಂದು ಕಿವಿಯನ್ನೂ ಸೆಕೆಂಡಿಗೆ 30,000 ಸಲ ಅಳೆಯುತ್ತಾರೆ. 384 ಕಿವಿಗಳಿಗೆ ಸೆಕೆಂಡಿಗೆ 1,15,20,000 ಅಳತೆಗಳಾದವು. ಒಂದು ಅಳತೆಯನ್ನು ಬರೆಯಲು ಎರಡು ಬೈಟ್ ಸ್ಥಳ ಬೇಕು. ಇದರ ಜೊತೆಗೆ ನಿಧಾನವಾದ ಅಲೆಗಳನ್ನು ಪ್ರತ್ಯೇಕವಾಗಿ ಸೆಕೆಂಡಿಗೆ 2,500 ಸಲ ಅಳೆದು ಬರೆಯುತ್ತಾರೆ. ಎಲ್ಲ ಕೂಡಿ ಸೆಕೆಂಡಿಗೆ ಸುಮಾರು ಎರಡೂವರೆ ಕೋಟಿ ಬೈಟ್, ಅವರ ಭಾಷೆಯಲ್ಲಿ 25 ಮೆಗಾಬೈಟ್. ಒಂದು ತಾಸಿಗೆ 90 ಗಿಗಾಬೈಟ್ ಆಯಿತು. ಒಂದು ಗ್ರಂಥಕ್ಕೆ ಹತ್ತು ಲಕ್ಷ ಬೈಟ್ ಎಂದು ಹಿಡಿದರೂ ಒಂದೇ ತಾಸಿನಲ್ಲಿ ತೊಂಬತ್ತು ಸಾವಿರ ಗ್ರಂಥಗಳ ಬರವಣಿಗೆ. ನಮ್ಮ ಮಠದ ಭಂಡಾರದಲ್ಲಿ ನಾವು ಮೂವತ್ತು ವರ್ಷ ಪಟ್ಟಿ ಮಾಡಿದ್ದು ಕೆಲವು ನೂರು ಕಟ್ಟುಗಳನ್ನು!

ಹಾಗಾದರೆ ಅತ್ಯಂತ ವೇಗದ, ಅತ್ಯಂತ ಬೆಲೆಯ ಗಣಕಯಂತ್ರವೇ ಬೇಕಾಗಬಹುದೆಂದು ನಾವು ಊಹಿಸಿದೆವು. ಹುಡುಗಿ ತಲೆಯಾಡಿಸಿದಳು. "ಇಲ್ಲರಿ ಅಜ್ಜಾರ. ಸೆಕೆಂಡಿಗೆ ಇಪ್ಪತ್ತೈದು ಮೆಗಾಬೈಟ್ ಬರಿಯೋದು ಈಗ ಸಾದಾ ಕಂಪ್ಯೂಟರಿಗೂ ದೊಡ್ಡದಲ್ರಿ. ನಡುವೆ ನಿಲ್ಲಬಾರದು, ಅಷ್ಟ."

ಈ ಉತ್ತರ ನಮ್ಮನ್ನು ಐವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು. ಮಠದ ಪಾಠಶಾಲೆಯಲ್ಲಿ ಗುರುಗಳು ಶಿಥಿಲವಾದ ತಾಡೋಲೆಯನ್ನು ನೋಡಿ ಓದುತ್ತಿದ್ದರು. ನಾವು ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆವು. ಅವರು ನಿಲ್ಲಿಸಿ ನಿಲ್ಲಿಸಿ ಹೇಳುವವರಲ್ಲ. ಅವರ ಓದಿನ ವೇಗಕ್ಕೆ ನಮ್ಮೆಲ್ಲರ ಕೈಗಳೂ ಸಾಲುತ್ತಿದ್ದವು. ತೊಂದರೆಯಾಗುತ್ತಿದ್ದುದು ಮಸಿ ತೀರಿದಾಗ, ಸೀನು ಬಂದಾಗ, ಬಾಗಿಲಲ್ಲಿ ಯಾರೋ ಕರೆದಾಗ. ಆ ಒಂದು ಗಳಿಗೆಯಲ್ಲಿ ಅವರು ಓದಿದ್ದು ಗಾಳಿಗೆ ಹೋಯಿತು. ಶೀಘ್ರಲಿಪಿ ಬಲ್ಲವನಿಗೂ ಈ ವಿಪತ್ತು ತಪ್ಪಿದ್ದಲ್ಲ. ಮಿದುಳು ಸಹ ಅಂತಹ ಗುರು. ನಮ್ಮ ಮಸಿ ತೀರಿತೆಂದು ಅದು ಕಾಯುವುದಿಲ್ಲ.

ಬರೆಯುವವನು ಬಿಟ್ಟದ್ದನ್ನು ಏನು ಮಾಡುತ್ತಾನೆಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಗ್ರಂಥಸಂಪಾದನೆ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಗದ್ಯಕೃತಿಯ ಎರಡು ಪ್ರತಿಗಳು ನಮ್ಮ ಕೈಗೆ ಬಂದಿದ್ದವು. ಮೊದಲ ಪ್ರತಿಯ ಲಿಪಿಕಾರನಿಗೆ ಮೂಲದಲ್ಲಿ ಹುಳು ತಿಂದ ಭಾಗ ಎದುರಾದಲ್ಲೆಲ್ಲ ಅಷ್ಟು ಸ್ಥಳವನ್ನು ಖಾಲಿ ಬಿಟ್ಟು ಮುಂದೆ ಸಾಗಿದ್ದನು. ಅವನ ಓಲೆ ನೋಡಲು ಹರಕು ಬಟ್ಟೆಯಂತಿತ್ತು. ಎರಡನೆಯವನು ಸುಂದರಾಕ್ಷರದವನು; ಒಂದು ಗರಿಯಲ್ಲಿಯೂ ಖಾಲಿ ಜಾಗವಿಲ್ಲ. ಅವನ ಪ್ರತಿಯನ್ನೇ ನಂಬಿ ಎಂಟು ತಿಂಗಳು ಕೆಲಸ ಮಾಡಿದೆವು. ಹುಳು ತಿಂದಲ್ಲೆಲ್ಲ ಅವನು ಹಿಂದಿನ ಮಾತಿಗೆ ಮುಂದಿನ ಮಾತನ್ನು ಅಂಟಿಸಿದ್ದಾನೆಂಬುದು ಮೊದಲನೆಯ ಪ್ರತಿ ದೊರೆತ ಮೇಲೆ ತಿಳಿಯಿತು. ಗ್ರಂಥಪಾತವನ್ನು ತೋರಿಸಿದವನು ನಮ್ಮನ್ನು ಕಾಪಾಡಿದನು; ಮುಚ್ಚಿದವನು ಎಂಟು ತಿಂಗಳು ದಾರಿ ತಪ್ಪಿಸಿದನು.

ನಾವು ಇದನ್ನು ಹೇಳುತ್ತಿದ್ದಂತೆ ಹುಡುಗಿಯ ಮುಖ ಸಪ್ಪಗಾಯಿತು. ಅವಳಿಗೂ ಹಾಗೆಯೇ ಆಗಿತ್ತು. ಹಿಂದಿನ ವರ್ಷ ಅವಳು ಒಂದು ಇಲಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಒಂದೂವರೆ ತಾಸು ಅದರ ಮಿದುಳಿನ ಮಿಡಿತಗಳನ್ನು ದಾಖಲೆ ಮಾಡಿದ್ದಳು. ಪ್ರಯೋಗಾಲಯದ ಹಳೆಯ ಗಣಕಯಂತ್ರ. ಅದಕ್ಕೆ ಯಾರೋ ಹಿಂದಿನವರು ಬರೆದಿಟ್ಟಿದ್ದ ತಂತ್ರಾಂಶ. ದಾಖಲೆಯ ನಡುವೆ ವೈರಸ್ ತಪಾಸಣೆಯ ಕಾರ್ಯಕ್ರಮ ತಾನಾಗಿ ಎದ್ದು ಇಡೀ ಡಿಸ್ಕನ್ನು ತಡಕಾಡತೊಡಗಿತು. ಬರವಣಿಗೆ ಸ್ವಲ್ಪ ಹೊತ್ತು ತಡೆಯಿತು. ತಾತ್ಕಾಲಿಕ ಸ್ಮೃತಿ ತುಂಬಿ ತುಳುಕಿತು. ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಅಳತೆಗಳು ಬಿದ್ದುಹೋದವು. ಆ ತಂತ್ರಾಂಶವು ಸ್ಥಳ ಬಿಡದೆ ಹಿಂದಿನದಕ್ಕೆ ಮುಂದಿನದನ್ನು ಅಂಟಿಸಿತು. ಪರದೆಯ ಮೇಲೆ ಎಲ್ಲವೂ ಸುಂದರಾಕ್ಷರ. ಮೂರು ವಾರಗಳ ನಂತರ, ಇಲಿ ಬಲಕ್ಕೆ ತಿರುಗಿದ ಕ್ಷಣವನ್ನೂ ಮಿಡಿತಗಳನ್ನೂ ಹೋಲಿಸುವಾಗ ಅರ್ಧ ದಾಖಲೆ ಒಂದು ರೀತಿ, ಉಳಿದರ್ಧ ಮತ್ತೊಂದು ರೀತಿ ಇರುವುದು ಕಂಡಿತು. ಎಲ್ಲಿ ಎಷ್ಟು ಬಿದ್ದಿದೆಯೆಂದು ಹೇಳುವ ಗುರುತು ಎಲ್ಲಿಯೂ ಇರಲಿಲ್ಲ.

ಅಲ್ಲಿಯವರೆಗೆ ಗೋಡೆಗೆ ಒರಗಿ ಕೇಳುತ್ತಿದ್ದ ಮನೆಯ ಅಜ್ಜಿ ಆಗ ಕೇಳಿದರು: "ಆ ಇಲಿ ಏನಾತವ್ವಾ?"

ಸಲಾಕೆ ಮಿದುಳಿನ ಯಾವ ಭಾಗದಲ್ಲಿತ್ತೆಂದು ನೋಡುವುದಕ್ಕೆ ಪ್ರಾಣಿಯನ್ನು ನೋವಿಲ್ಲದಂತೆ ಕೊನೆಗಾಣಿಸಿ ಮಿದುಳನ್ನು ತೆಗೆದು ಪರೀಕ್ಷಿಸುವುದು ಈ ವಿದ್ಯೆಯ ಕ್ರಮ. ಅದು ಮೊದಲೇ ಆಗಿಹೋಗಿತ್ತು. ಹುಡುಗಿ ಅದನ್ನು ಅಜ್ಜಿಗೆ ಮೆಲ್ಲಗೆ ಹೇಳಿದಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ಪೂರ್ಣ ಮನಸ್ಸಿನಿಂದ ಒಪ್ಪುವುದು ನಮಗೆ ಸಾಧ್ಯವಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಹಾಗೆಂದು ಮೂರ್ಛೆರೋಗದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಂತ ತಾಯಿಗೆ ಈ ವಿದ್ಯೆಯೇ ಬೇಡವೆಂದು ಹೇಳುವ ಧೈರ್ಯವೂ ನಮಗಿಲ್ಲ. ಬಲ್ಲವರಲ್ಲಿಯೇ ಈ ತೊಳಲಾಟವಿದೆ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಒಂದು ಗ್ರಂಥ ಬರೆದು ಮೂರು ಕಟ್ಟಳೆಗಳನ್ನು ಸೂಚಿಸಿದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ಮಾರ್ಗ ಹಿಡಿಯಬೇಕು, ಪ್ರಾಣಿಗಳ ಸಂಖ್ಯೆ ತಗ್ಗಿಸಬೇಕು, ನೋವನ್ನು ಕಡಿಮೆ ಮಾಡಬೇಕು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಅಡಿಯಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಸಮಿತಿ ಇದೆ. ಸಂಶೋಧನಾಲಯಗಳಲ್ಲಿ ಪ್ರಾಣಿ ನೈತಿಕ ಸಮಿತಿಗಳಿವೆ. ಎಷ್ಟು ಪ್ರಾಣಿ, ಏತಕ್ಕೆ ಎಂದು ಲೆಕ್ಕ ಕೊಟ್ಟು ಅನುಮತಿ ಪಡೆಯಬೇಕು. ಒಂದು ದಾಖಲೆ ಕೆಟ್ಟಿತೆಂದರೆ ಆ ಪ್ರಾಣಿ ವ್ಯರ್ಥವಾಗಿ ಹೋಯಿತು, ಅದರ ಸ್ಥಾನಕ್ಕೆ ಇನ್ನೊಂದು ಬರಬೇಕಾಯಿತು. ಗಣಕಯಂತ್ರದ ಆಯ್ಕೆಯೂ ಆ ಎರಡನೆಯ ಕಟ್ಟಳೆಯೊಳಗೇ ಬರುತ್ತದೆಂಬುದು ನಮಗೆ ಹೊಳೆದದ್ದು ಅಜ್ಜಿಯ ಪ್ರಶ್ನೆಯಿಂದ.

ಈ ವಿದ್ಯೆಗೂ ಗಣಕಯಂತ್ರಕ್ಕೂ ಇರುವ ನಂಟು ಹೊಸದಲ್ಲ. ಅರವತ್ತರ ದಶಕದ ಆರಂಭದಲ್ಲಿ ಗಣಕಯಂತ್ರವೆಂದರೆ ದೊಡ್ಡ ಕೋಣೆಯಲ್ಲಿ ಕಾವಲಿನೊಳಗಿದ್ದ ವಸ್ತು. ಸಂಶೋಧಕನು ತನ್ನ ಅಂಕಿಗಳನ್ನು ಅಲ್ಲಿಗೆ ಒಯ್ದು ಕೊಟ್ಟು, ಸರದಿ ಬಂದಾಗ ಉತ್ತರ ಪಡೆಯಬೇಕಾಗಿತ್ತು. ಅಮೆರಿಕದ ಎಂಐಟಿಗೆ ಸೇರಿದ ಲಿಂಕನ್ ಪ್ರಯೋಗಾಲಯದಲ್ಲಿದ್ದ ವೆಸ್ಲಿ ಕ್ಲಾರ್ಕ್ ಎಂಬ ತಜ್ಞರಿಗೆ ಇದು ಸರಿತೋರಲಿಲ್ಲ. ಜೀವಿಯ ಪಕ್ಕದಲ್ಲಿಯೇ ಯಂತ್ರವಿರಬೇಕು, ಅದು ಸಂಶೋಧಕನ ಕೈಯಲ್ಲಿಯೇ ಇರಬೇಕು ಎಂದು ಅವರು ಚಾರ್ಲ್ಸ್ ಮೋಲ್ನಾರ್ ಎಂಬವರ ಜೊತೆಗೂಡಿ 1962ರಲ್ಲಿ ಲಿಂಕ್ ಎಂಬ ಯಂತ್ರವನ್ನು ಕಟ್ಟಿದರು. ಅದೇ ವರ್ಷ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅದನ್ನು ಒಯ್ದು ಒಂದು ಬೆಕ್ಕಿನ ಮಿದುಳಿನಿಂದ ಬಂದ ಸಂಕೇತಗಳನ್ನು ಅಲ್ಲಿಯೇ, ಬಂದಂತೆಯೇ, ಲೆಕ್ಕ ಹಾಕಿ ತೋರಿಸಿದರು. ಮರುವರ್ಷದ ಬೇಸಿಗೆಯಲ್ಲಿ ಬೇರೆ ಬೇರೆ ಪ್ರಯೋಗಾಲಯಗಳ ಸಂಶೋಧಕರು ಕೇಂಬ್ರಿಜ್ ನಗರಕ್ಕೆ ಬಂದು ತಮಗೆ ಬೇಕಾದ ಯಂತ್ರವನ್ನು ತಾವೇ ಜೋಡಿಸಿಕೊಂಡು ಊರಿಗೆ ಒಯ್ದರಂತೆ. ತಾನು ಬಳಸುವ ಯಂತ್ರದ ಒಡಲನ್ನು ಬಿಚ್ಚಿ ನೋಡಿದವನು ಅದು ಎಲ್ಲಿ ತಪ್ಪೀತೆಂದೂ ಬಲ್ಲನು. ಈ ಯಂತ್ರಕ್ಕೆ ಕಾರ್ಯಕ್ರಮ ಬರೆದ ಮೇರಿ ಆ್ಯಲನ್ ವಿಲ್ಕ್ಸ್ ಎಂಬ ಮಹಿಳೆ 1965ರಲ್ಲಿ ಬಾಲ್ಟಿಮೋರ್ ನಗರದ ತಮ್ಮ ತಂದೆತಾಯಿಗಳ ಮನೆಯಲ್ಲಿಯೇ ಅದನ್ನಿರಿಸಿಕೊಂಡು ಕೆಲಸ ಮಾಡಿದರು. ಮನೆಯಲ್ಲಿ ಕುಳಿತು ಕಂಪ್ಯೂಟರ್ ಕೆಲಸ ಮಾಡುವ ಇಂದಿನ ಹೆಣ್ಣುಮಕ್ಕಳಿಗೆ ಅವರನ್ನು ಹಿರಿಯಕ್ಕನೆನ್ನಬಹುದು.

ಆ ಲಿಂಕ್ ಯಂತ್ರದಲ್ಲಿ ನಮ್ಮ ಮನಸ್ಸನ್ನು ಸೆಳೆದ ಇನ್ನೊಂದು ಸಂಗತಿಯುಂಟು. ಅಂಗಿಯ ಕಿಸೆಯಲ್ಲಿಟ್ಟುಕೊಳ್ಳಬಹುದಾದ ಚಿಕ್ಕ ಕಾಂತಪಟ್ಟಿಯ ಸುರುಳಿಗಳಲ್ಲಿ ಅದು ಬರೆಯುತ್ತಿತ್ತು. ಪಟ್ಟಿಯ ಅಗಲದಲ್ಲಿ ಪ್ರತಿಯೊಂದು ಗುರುತನ್ನೂ ಎರಡೆರಡು ಕಡೆ ಬರೆಯುವಂತೆ ಏರ್ಪಾಡು. ಒಂದು ಕಡೆ ಧೂಳು ಕುಳಿತರೂ ಮತ್ತೊಂದು ಕಡೆ ಉಳಿಯಿತು. ವೇಗವೂ ಸ್ಥಳವೂ ಅತಿ ದುಬಾರಿಯಾಗಿದ್ದ ಆ ಕಾಲದಲ್ಲಿ ಅರ್ಧ ಸ್ಥಳವನ್ನು ಹೀಗೆ ಎಚ್ಚರಿಕೆಗೆಂದೇ ಕೊಟ್ಟರು.

ಇರಲಿ, ನಮ್ಮ ಹುಡುಗಿಯ ಕಾಗದಕ್ಕೆ ಬರೋಣ. ಅವಳು ಮೊದಲು ಬರೆದದ್ದು ಡಿಸ್ಕಿನ ವಿಷಯ. ಕಾರ್ಯಾಚರಣೆಯ ವ್ಯವಸ್ಥೆ ಒಂದು ಡಿಸ್ಕಿನಲ್ಲಿ, ದಾಖಲೆ ಪ್ರತ್ಯೇಕವಾದ ಇನ್ನೊಂದು ಡಿಸ್ಕಿನಲ್ಲಿ. ಲೆಕ್ಕ ಬರೆಯುವ ಗುಮಾಸ್ತನನ್ನೇ ಚಹಾ ತರಲು ಕಳಿಸಬಾರದಷ್ಟೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹೊರಸುತ್ತುಗಳ ಮೇಲೆ ಬರಹ ವೇಗವಾಗಿ ಸಾಗಿ, ಡಿಸ್ಕು ತುಂಬುತ್ತ ಒಳಸುತ್ತುಗಳಿಗೆ ಬಂದಂತೆ ನಿಧಾನವಾಗುತ್ತದೆ. ಒಂದು ಸಲಾಕೆಗೆ ಅದೂ ಸಾಲಬಹುದು. ನಾಲ್ಕು ಸಲಾಕೆಗಳನ್ನು ಒಟ್ಟಿಗೆ ಇಟ್ಟರೆ ಸೆಕೆಂಡಿಗೆ 100 ಮೆಗಾಬೈಟ್, ತಾಸಿಗೆ 360 ಗಿಗಾಬೈಟ್. ಆಗ ಉಸಿರು ಕಟ್ಟುತ್ತದೆ. ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲ; ಆದರೆ ಬೇರೊಂದು ಮೋಸವಿದೆ. ಅಗ್ಗದ ಅನೇಕ ಎಸ್‌ಎಸ್‌ಡಿಗಳಲ್ಲಿ ಮೊದಲು ಬರೆದದ್ದು ಒಂದು ವೇಗದ ತಂಗುದಾಣದಲ್ಲಿ ಕೂಡುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುವುದು ಆ ತಂಗುದಾಣದ ವೇಗ. ಅದು ತುಂಬಿದ ಮೇಲೆ ಡಿಸ್ಕಿನ ನಿಜವಾದ ವೇಗ ಹೊರಬೀಳುತ್ತದೆ. ಡಿಸ್ಕು ಮುಕ್ಕಾಲು ತುಂಬಿದ್ದರಂತೂ ಇನ್ನೂ ಬೇಗ.

ಇದನ್ನು ಕೇಳಿದ ಯಜಮಾನರು ಥಟ್ಟನೆ ಎದ್ದು ಕುಳಿತರು. "ಹಂಗಂದ್ರ ಸ್ಯಾಂಪಲ್ ಕಾಳು ಒಂದು, ಚೀಲದಾಗಿನ ಕಾಳು ಇನ್ನೊಂದು ಅನ್ನು! ಮ್ಯಾಲಿನ ಬೊಗಸಿ ನೋಡಿ ನಾವ್ಯಾರೂ ರೇಟು ಹೇಳೂದಿಲ್ಲವ್ವಾ. ಬಂಬಾಯಿ ಹಾಕಿ ಚೀಲದ ತಳದಿಂದ ಕಾಳು ತಗೀತೀವಿ." ಬಂಬಾಯಿ ಎಂದರೆ ಚೀಲಕ್ಕೆ ಚುಚ್ಚಿ ಒಳಗಿನ ಕಾಳನ್ನು ಹೊರತೆಗೆಯುವ ತಗಡಿನ ಕೊಳವೆ. ಮಗಳು ಆ ಮಾತನ್ನು ಹಿಡಿದುಕೊಂಡಳು. 'ಹೆಚ್ಚೆಂದರೆ ಇಷ್ಟು ವೇಗ' ಎಂದಿದ್ದುದನ್ನು ಹೊಡೆದು, 'ಮೂರು ತಾಸು ಎಡೆಬಿಡದೆ ಬರೆದರೂ ಸೆಕೆಂಡಿಗೆ ಇಷ್ಟಕ್ಕಿಂತ ಕಡಿಮೆಯಾಗಕೂಡದು' ಎಂದು ತಿದ್ದಿದಳು. ಸರ್ಕಾರಿ ಹಣದ ಖರೀದಿಯಲ್ಲಿ ಕೇಳಿದ ವಿವರಗಳನ್ನು ಪೂರೈಸಿದವರೊಳಗೆ ಸಾಮಾನ್ಯವಾಗಿ ಕಡಿಮೆ ದರದವರಿಗೇ ಆದೇಶ ಹೋಗುತ್ತದೆ. ಆದ್ದರಿಂದ ವಿವರ ಬರೆಯುವವರ ಒಂದು ಸಡಿಲ ಪದದೊಳಗಿಂದ ಎಂತಹ ಡಿಸ್ಕಾದರೂ ನುಸುಳೀತು. ಅವಳ ನಾಲ್ಕು ದಿನಗಳ ಪರದಾಟದ ಕಾರಣ ತಂದೆಗೆ ಆಗ ಅರ್ಥವಾಯಿತು.

ಎರಡನೆಯ ಚಿಂತೆ, ಯಂತ್ರದೊಳಗೆ ಕಾರ್ಡು ಕೂರಿಸುವ ಜಾಗದ್ದು. ಈ ಸಲಾಕೆಗಳ ಸಂಕೇತಗಳನ್ನು ತೆಗೆದುಕೊಳ್ಳುವ ಪೆಟ್ಟಿಗೆ ಬೇರೆ ಇರುತ್ತದೆ. ಅದರಿಂದ ಬಂದ ತಂತಿ ಗಣಕಯಂತ್ರದೊಳಗಿನ ಒಂದು ಕಾರ್ಡಿಗೆ ಸೇರಬೇಕು. ಯುಎಸ್‌ಬಿ ತಂತಿಯಿಂದ ಜೋಡಿಸುವ ಚಿಕ್ಕ ಪೆಟ್ಟಿಗೆಯೂ ಈಗ ಬಂದಿದೆಯಾದರೂ ಇವಳ ಪ್ರಯೋಗಾಲಯದಲ್ಲಿರುವುದು ದೊಡ್ಡದು. ಆದ್ದರಿಂದ ಮಡಿಚುವ ಲ್ಯಾಪ್‌ಟಾಪಿಗಿಂತ ಮೇಜಿನ ಮೇಲಿಡುವ ಯಂತ್ರವೇ ಅನುಕೂಲ. ಅದರಲ್ಲಿಯೂ ಕಾರ್ಡಿನ ಬಾಯಿ ನೋಡಲು ಉದ್ದವಾಗಿದ್ದ ಮಾತ್ರಕ್ಕೆ ಒಳಗೆ ಅಷ್ಟೂ ತಂತಿಗಳಿವೆಯೆಂದು ಹೇಳಲಾಗದಂತೆ. ಪಕ್ಕದಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಈ ಬಾಯಿಯ ಪಾಲು ಅದಕ್ಕೆ ಹೋಗುವ ಯಂತ್ರಗಳೂ ಇವೆ. ಇದಕ್ಕೆ ಅವಳು ಕಂಡುಕೊಂಡ ಉಪಾಯ ಬಹಳ ಸರಳ. ಇದೇ ಸಲಾಕೆಯನ್ನು ವರ್ಷಗಟ್ಟಲೆ ಬಳಸುತ್ತಿರುವ ಬೇರೆ ಪ್ರಯೋಗಾಲಯದವರಿಗೆ ಬರೆದು, ಅವರಲ್ಲಿ ತೊಂದರೆಯಿಲ್ಲದೆ ನಡೆದಿರುವ ಯಂತ್ರದ ಮಾದರಿ ಯಾವುದೆಂದು ಕೇಳಿ, ಅದನ್ನೇ ಬರೆದಳು. ನಾವಂತೂ ಇದನ್ನು ಮೆಚ್ಚಿದೆವು. ತಾನೇ ಹೊಸದನ್ನು ಕಂಡುಹಿಡಿಯುವ ಚಪಲಕ್ಕೆ ಇದು ಸ್ಥಳವಲ್ಲ.

ಮೂರನೆಯದು ಬಹಳ ಮಂದಿ ಎಡವುವ ಸ್ಥಳ. ದಾಖಲೆಯಾದ ಮೇಲೆ, 384 ಕಿವಿಗಳಲ್ಲಿ ಬಿದ್ದ ಧ್ವನಿಗಳೊಳಗೆ ಯಾವುದು ಯಾವ ಕೋಶದ್ದೆಂದು ಬೇರ್ಪಡಿಸಬೇಕು. ಒಂದೇ ಕೋಶದ ಧ್ವನಿ ಅಕ್ಕಪಕ್ಕದ ಹಲವು ಕಿವಿಗಳಿಗೆ ಬೇರೆ ಬೇರೆ ಬಲದಲ್ಲಿ ಕೇಳಿಸುವುದರಿಂದ ಇದು ಸಾಧ್ಯ. ಈ ಕೆಲಸಕ್ಕೆ ಹೆಸರಾದ ಕಿಲೋಸಾರ್ಟ್ ಎಂಬ ತಂತ್ರಾಂಶಕ್ಕೆ ಎನ್‌ವಿಡಿಯಾ ಕಂಪನಿಯ ಶಕ್ತಿಯುತವಾದ ಗ್ರಾಫಿಕ್ಸ್ ಕಾರ್ಡು ಬೇಕು. ಗಣಕಯಂತ್ರದ ಬೆಲೆ ಏರುವುದು ಮುಖ್ಯವಾಗಿ ಇಲ್ಲಿ. ಆದರೆ ಇದು ದಾಖಲೆ ಮುಗಿದ ಮೇಲಿನ ಕೆಲಸ. ಕೆಟ್ಟರೆ ಮತ್ತೆ ಮಾಡಬಹುದು. ಒಂದೇ ಯಂತ್ರಕ್ಕೆ ಎರಡೂ ಹೊರೆ ಹೊರಿಸಿ, ಇಂದಿನ ದಾಖಲೆ ನಡೆಯುತ್ತಿರುವಾಗಲೇ ನಿನ್ನೆಯದನ್ನು ಬೇರ್ಪಡಿಸಲು ಕೂರಿಸಿದರೆ ತಡವರಿಕೆ ಖಂಡಿತ. ಹಣವಿದ್ದರೆ ಎರಡು ಯಂತ್ರ. ಇಲ್ಲದಿದ್ದರೆ ಹಗಲು ಒಂದು ಕೆಲಸ, ರಾತ್ರಿ ಒಂದು. ನಮ್ಮ ಹುಡುಗಿ ದಾಖಲೆಗೆ ಸಾದಾ ಯಂತ್ರವನ್ನು ಬರೆದು, ಗ್ರಾಫಿಕ್ಸ್ ಕಾರ್ಡಿನದನ್ನು ಮುಂದಿನ ವರ್ಷಕ್ಕೆ ಬಿಟ್ಟಳು. ಸಹಪಾಠಿಗಳು ಇದಕ್ಕೆ ನಕ್ಕರಂತೆ.

ಗಡಿಯಾರಗಳ ಮಾತು ನಮಗೆ ಅತ್ಯಂತ ರುಚಿಸಿತು. ಮಿಡಿತಗಳನ್ನು ಬರೆಯುವ ಯಂತ್ರ ಒಂದು, ಇಲಿಯ ಚಲನೆಯನ್ನು ನೋಡುವ ಕ್ಯಾಮೆರಾ ಇನ್ನೊಂದು. ಎರಡಕ್ಕೂ ಅವುಗಳದೇ ಗಡಿಯಾರ. ಆ ಗಡಿಯಾರಗಳ ನಡುವೆ ಹತ್ತು ಲಕ್ಷದಲ್ಲಿ ಹತ್ತು ಪಾಲಿನಷ್ಟು ಮಾತ್ರ ವ್ಯತ್ಯಾಸವಿದ್ದರೂ ಒಂದು ತಾಸಿನಲ್ಲಿ 36 ಮಿಲಿಸೆಕೆಂಡು ದೂರವಾಗುತ್ತವೆ. ನಮ್ಮ ನಿಮ್ಮ ಬಾಳಿಗೆ ಅದು ಏನೂ ಅಲ್ಲ. ಒಂದು ಮಿಲಿಸೆಕೆಂಡಿನ ಮಿಡಿತಕ್ಕೆ ಅದು ಮೂವತ್ತಾರು ಜನ್ಮ! ಯಾವ ಬೆಲೆಯ ಯಂತ್ರ ತಂದರೂ ಇದು ತಪ್ಪದು. ಆದ್ದರಿಂದ ಸೆಕೆಂಡಿಗೊಂದರಂತೆ ಏಳುವ ಒಂದು ವಿದ್ಯುತ್ ತಟ್ಟನ್ನು ಎರಡೂ ದಾಖಲೆಗಳಿಗೆ ಕಳಿಸುತ್ತಾರೆ. ಆಮೇಲೆ ತಟ್ಟಿಗೆ ತಟ್ಟನ್ನು ಕೂಡಿಸಿ ಕಾಲವನ್ನು ಸರಿಪಡಿಸುತ್ತಾರೆ. ಭಜನೆಯಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಹಾಡಿದರೂ ತಾಳ ಇಬ್ಬರನ್ನೂ ಕೂಡಿಸುವುದಿಲ್ಲವೇ? ಇದೇ ತಟ್ಟು ಗ್ರಂಥಪಾತವನ್ನೂ ಹಿಡಿದುಕೊಡುತ್ತದೆ. ಎರಡು ತಟ್ಟುಗಳ ನಡುವೆ ಮೂವತ್ತು ಸಾವಿರದ ಬದಲು ಇಪ್ಪತ್ತು ಸಾವಿರ ಅಳತೆಗಳಿದ್ದರೆ ನಡುವೆ ಏನೋ ಬಿದ್ದಿದೆಯೆಂದೇ ಅರ್ಥ. ಹಳೆಯ ದಾಖಲೆಯಲ್ಲಿ ಈ ತಟ್ಟು ಇದ್ದಿದ್ದರೆ ಆ ಇಲಿಯ ಅಷ್ಟೂ ತಾಸು ಉಳಿಯುತ್ತಿತ್ತು.

ಉಳಿದವು ಸಣ್ಣವು. ಯಂತ್ರ ತಾನಾಗಿ ನವೀಕರಣಗೊಂಡು ಮರುಚಾಲನೆಯಾಗದಂತೆ, ಡಿಸ್ಕು ನಿದ್ರೆಗೆ ಜಾರದಂತೆ ಮೊದಲೇ ಕಟ್ಟುಮಾಡಬೇಕು. ಜಾಲದ ಮೂಲಕ ದೂರದ ಭಂಡಾರಕ್ಕೆ ನೇರವಾಗಿ ಬರೆಯಿಸದೆ, ಎದುರಿನ ಡಿಸ್ಕಿನಲ್ಲಿ ಬರೆದು ಬಳಿಕ ಎರಡು ಕಡೆ ಪ್ರತಿ ಮಾಡಿ, ಮೂಲವೂ ಪ್ರತಿಯೂ ಒಂದೇ ಎಂಬುದನ್ನು ತಾಳೆ ನೋಡಿದ ಮೇಲೆಯೇ ಅಳಿಸಬೇಕು. ಕರೆಂಟು ಹೋದರೆ ನಿಲ್ಲದಂತೆ ಯುಪಿಎಸ್ ಇರಬೇಕು. ಆದರೆ ನಮ್ಮ ದೇಶದ ಕರೆಂಟಿನ 50 ಹರ್ಟ್ಸ್ ಗುಂಜಾರವ ಸಲಾಕೆಯ ಕಿವಿಗೆ ಬೀಳುವುದರಿಂದ ಯುಪಿಎಸ್ಸನ್ನೂ ಯಂತ್ರವನ್ನೂ ಪ್ರಾಣಿಯಿಂದ ದೂರವಿಡಬೇಕು. ನೂರು ಮೈಕ್ರೋವೋಲ್ಟಿನ ಪಿಸುಮಾತನ್ನು ಕೇಳುವವರ ಮಗ್ಗುಲಲ್ಲಿ ಹಿಟ್ಟಿನ ಗಿರಣಿ ಹಾಕಿದರೆ ಹೇಗಾದೀತು?

ಇಷ್ಟೆಲ್ಲ ಇಲಿಯ ಸಲುವಾಗಿಯೇ ಎಂದು ವಾಚಕರು ಭಾವಿಸಬಾರದು. 2022ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು, ಮಿದುಳಿನ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳಲ್ಲಿ ಕೆಲವರ ಒಪ್ಪಿಗೆ ಪಡೆದು, ಚಿಕಿತ್ಸೆಯ ನಡುವೆ ಇದೇ ಬಗೆಯ ಸಲಾಕೆಯಿಂದ ಮನುಷ್ಯನ ಮಿದುಳಿನ ಒಂದೊಂದು ಕೋಶದ ಮಿಡಿತವನ್ನೂ ಕೇಳಿದ ವೃತ್ತಾಂತವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಂಶೋಧನೆಗೆ ದೊರೆಯುವುದು ಕೆಲವೇ ನಿಮಿಷಗಳು. ತಲೆಬುರುಡೆ ತೆರೆದಿರುವಾಗ ತನಗೆ ಏನೂ ಲಾಭವಿಲ್ಲದಿದ್ದರೂ ಮುಂದೆ ಬರುವ ರೋಗಿಗಳಿಗಾಗಿ ಒಬ್ಬ ಮನುಷ್ಯನು ಕೊಟ್ಟ ನಿಮಿಷಗಳವು. ಡಿಸ್ಕು ತಡವರಿಸಿತೆಂದು ಅವನನ್ನು ಮತ್ತೊಮ್ಮೆ ಮಲಗಿಸಲಾಗದು.

ನಾವು ಹೊರಡುವ ಹೊತ್ತಿಗೆ ಯಜಮಾನರು ಮಗಳಿಗೆ ಇನ್ನೊಂದು ಮಾತು ಹೇಳಿದರು. ಮಾಲು ಬಂದ ಕೂಡಲೇ ಹಣ ಕೊಡಬಾರದು, ತೂಕ ಮಾಡಿ ನೋಡಿದ ಮೇಲೆ ಕೊಡಬೇಕು. ಅವಳು ಅದನ್ನೂ ಕಾಗದದ ಕೊನೆಯಲ್ಲಿ ಸೇರಿಸಿದಳು: ಯಾವ ಪ್ರಾಣಿಯೂ ಇಲ್ಲದೆ, ಸಲಾಕೆಯನ್ನು ಉಪ್ಪುನೀರಿನಲ್ಲಿ ಅದ್ದಿ, ನಾಲ್ಕು ತಾಸು ನಿಲ್ಲದೆ ದಾಖಲೆ ಮಾಡುವುದು, ಒಂದು ಅಳತೆ ಬಿದ್ದರೂ ಯಂತ್ರವನ್ನು ಸ್ವೀಕರಿಸದಿರುವುದು.

ದೀಪಾವಳಿಯ ಹಿಂದಿನ ವಾರ ಅವಳ ಕರೆ ಬಂದಿತು. ಯಂತ್ರ ಬಂದಿತ್ತು. ಮೊದಲ ಪರೀಕ್ಷೆಯಲ್ಲಿ ಎರಡನೆಯ ತಾಸಿನೊಳಗೆ ಒಂದು ಕಡೆ ಅಳತೆಗಳು ಬಿದ್ದುಹೋದವಂತೆ. ಹೊಸ ತಂತ್ರಾಂಶವು ಅಲ್ಲಿ ಸೊನ್ನೆಗಳನ್ನು ತುಂಬಿ ಸ್ಥಳ ಬಿಟ್ಟು, ಎಲ್ಲಿ ಎಷ್ಟು ಬಿದ್ದಿತೆಂದು ಬರೆದಿಟ್ಟಿತ್ತು. ಹುಡುಕಿದಾಗ ವಿದ್ಯುತ್ ಉಳಿತಾಯದ ಒಂದು ಕಟ್ಟು ಬಿಚ್ಚದೆ ಉಳಿದಿದ್ದುದು ಕಂಡಿತು. ಅದನ್ನು ಸರಿಪಡಿಸಿ ಮರುದಿನ ಮತ್ತೆ ನಾಲ್ಕು ತಾಸು ಓಡಿಸಿದರು. ಸೆಕೆಂಡಿಗೊಂದರಂತೆ 14,400 ತಟ್ಟುಗಳು. ಅವಳು ಎಣಿಸಿ ನೋಡಿದಳು, 14,400 ಇದ್ದವು. ಪ್ರಾಣಿ ನೈತಿಕ ಸಮಿತಿಯ ಸಭೆ ಮುಂದಿನ ತಿಂಗಳಿದೆ. ಅಲ್ಲಿಯವರೆಗೆ ಯಂತ್ರವು ಉಪ್ಪುನೀರಿನ ದಾಖಲೆಯನ್ನೇ ಬರೆಯುತ್ತಿದೆ. ಅಜ್ಜಿ ಈ ಸಲ ಎಷ್ಟು ಇಲಿಗಳಿಗೆ ಅರ್ಜಿ ಹಾಕಿದ್ದೀಯೆಂದು ಕೇಳಿದರಂತೆ. ಹಿಂದಿನದಕ್ಕಿಂತ ಎರಡು ಕಡಿಮೆ ಎಂದು ಹೇಳಿದಳಂತೆ.